ಓದುಗರ ಪ್ರಶ್ನೆ: ಕೊಡಗಿನ ಪೇಟೆಗಳಲ್ಲಿ ಹೊರಗಿನ ಊಟ

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಹೋಟೆಲುಗಳ ಊಟದ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಹೆಚ್ಚಿನ ಪತ್ರಗಳು 'ಯಾವ ಹೋಟೆಲ್ ಒಳ್ಳೆಯದು?' ಎಂದು ಕೇಳಿವೆ. ಹೋಟೆಲಿನ ಹೆಸರಿಗಿಂತ ಅಲ್ಲಿ ಯಾವ ಹೊತ್ತಿಗೆ ಯಾವುದನ್ನು ಬಿಸಿಯಾಗಿ ಮಾಡುತ್ತಾರೆ ಎಂಬುದು ಗೊತ್ತಿದ್ದರೆ ಊಟ ಕೆಡುವುದು ಕಡಿಮೆ. ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇವೆ.

ಮಡಿಕೇರಿಯ ಎರಡು ಹೋಟೆಲುಗಳಲ್ಲಿ ಪಂದಿ ಕರಿ (ಕೊಡವರ ಹಂದಿ ಮಾಂಸದ ಅಡುಗೆ) ತಿಂದೆವು. ಒಂದು ಕಡೆ ಕಪ್ಪಗೆ, ಹುಳಿ ಖಾರವಾಗಿತ್ತು. ಇನ್ನೊಂದು ಕಡೆ ಟೊಮೆಟೊ ಹಾಕಿದ ಕೆಂಪು ಗ್ರೇವಿ. ಯಾವುದು ಸರಿ? ಆರ್ಡರ್ ಕೊಡುವ ಮೊದಲೇ ತಿಳಿಯುವುದು ಹೇಗೆ? – ಮೈಸೂರಿನ ಓದುಗರು

ಕಪ್ಪಗಿದ್ದದ್ದೇ ಸರಿ. ಪಂದಿ ಕರಿಗೆ ಟೊಮೆಟೊ ಬೀಳುವುದಿಲ್ಲ. ಆ ಕಪ್ಪು ಬರುವುದು ಎರಡು ಕಡೆಯಿಂದ. ಒಂದು, ಹುರಿದ ಮಸಾಲೆ ಪುಡಿ. ಇನ್ನೊಂದು, ಕಾಚಂಪುಳಿ. ಪಣಪುಳಿ ಹಣ್ಣಿನ ರಸವನ್ನು ಇಳಿಸಿ, ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಬತ್ತಿಸಿದ ದಟ್ಟ ಹುಳಿ ಅದು.

ಮಾಡುವ ಕ್ರಮ ತಿಳಿದಿದ್ದರೆ ತಟ್ಟೆ ನೋಡಿಯೇ ತಪ್ಪು ಎಲ್ಲಾಗಿದೆ ಎಂದು ಹೇಳಬಹುದು. ಒಂದು ಕಿಲೋ ಮಾಂಸಕ್ಕೆ ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ದೊಡ್ಡ ಚಮಚ ಕಾಳುಮೆಣಸು, ಒಂದು ಚಿಕ್ಕ ಚಮಚ ಜೀರಿಗೆ, ಅರ್ಧ ಚಿಕ್ಕ ಚಮಚ ಸಾಸಿವೆ, ಕಾಲು ಚಿಕ್ಕ ಚಮಚ ಮೆಂತ್ಯ. ಇವನ್ನು ಎಣ್ಣೆಯಿಲ್ಲದೆ, ಒಂದೊಂದನ್ನೇ ಬೇರೆ ಬೇರೆಯಾಗಿ, ಕಾಫಿ ಬೀಜದ ಬಣ್ಣ ಬರುವವರೆಗೆ ಹುರಿದು ಪುಡಿ ಮಾಡುತ್ತಾರೆ. ಮಾಂಸಕ್ಕೆ ಉಪ್ಪು, ಅರಿಸಿನ, ಮೆಣಸಿನ ಪುಡಿ ಹಚ್ಚಿಟ್ಟು, ಜಜ್ಜಿದ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನ ಜೊತೆ ಅದರದೇ ನೀರಿನಲ್ಲಿ ಬೇಯಿಸುತ್ತಾರೆ. ಮುಕ್ಕಾಲು ಬೆಂದ ಮೇಲೆ ಹುರಿದ ಪುಡಿ, ಇಳಿಸುವ ಹತ್ತು ನಿಮಿಷ ಮುಂಚೆ ಒಂದರಿಂದ ಎರಡು ದೊಡ್ಡ ಚಮಚ ಕಾಚಂಪುಳಿ. ಹುಳಿಯ ಗಡಸು ಒಂದು ಸೀಸೆಯಿಂದ ಇನ್ನೊಂದಕ್ಕೆ ಬೇರೆಯಾಗಿರುವುದರಿಂದ ಒಂದು ಚಮಚದಿಂದ ಶುರುಮಾಡಿ ರುಚಿ ನೋಡಿ ಮುಂದುವರಿಯಬೇಕು.

ಹೋಟೆಲುಗಳಲ್ಲಿ ತಪ್ಪುವುದು ಮೂರು ಕಡೆ. ಮೆಂತ್ಯ ಸೀದರೆ ಇಡೀ ಪಾತ್ರೆ ಕಹಿಯಾಗುತ್ತದೆ. ಆ ಕಹಿಯನ್ನು ಯಾವ ಹುಳಿಯೂ ಮುಚ್ಚುವುದಿಲ್ಲ. ಕಾಚಂಪುಳಿ ಉಳಿಸಲು ಬಿಳಿ ವಿನೆಗರ್ ಸುರಿದರೆ ಮೂಗಿಗೆ ಘಾಟು ಬರುತ್ತದೆ, ಆದರೆ ನಾಲಿಗೆಯ ಬುಡದಲ್ಲಿ ನಿಲ್ಲುವ ಹುಳಿ ಬರುವುದಿಲ್ಲ. ಮೂರನೆಯದು, ತೊಗಲು ಕೊಬ್ಬು ತೆಗೆದ ಬರೀ ಮಾಂಸದ ತುಂಡು. ತೊಗಲು, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇರದಿದ್ದರೆ ಆ ಕರಿಗೆ ಮೈ ಬರುವುದೇ ಇಲ್ಲ, ತುಂಡುಗಳು ನಾರು ನಾರಾಗುತ್ತವೆ.

ಆರ್ಡರ್ ಕೊಡುವ ಮುನ್ನ ಕೇಳಬೇಕಾದ ಮಾತು ಒಂದೇ: 'ಹುಳಿಗೆ ಏನು ಹಾಕುತ್ತೀರಿ?' ಕಾಚಂಪುಳಿ ಹಾಕುವವರು ತಡವರಿಸದೆ ಹೇಳುತ್ತಾರೆ. 'ಇದು ಇವತ್ತಿನದಾ?' ಎಂದು ಕೇಳಿ ನಿನ್ನೆಯದು ಎಂದರೆ ಎದ್ದು ಹೋಗಬೇಡಿ. ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ಕುದಿಸಿ ಕೊಟ್ಟರೆ ಪಂದಿ ಕರಿ ಮಾರನೇ ದಿನವೇ ರುಚಿ ಹೆಚ್ಚು, ಹುಳಿ ತುಂಡಿನ ಒಳಗೆ ಇಳಿದಿರುತ್ತದೆ. ಪೋರ್ಕ್ ಚಿಲ್ಲಿ, ಪೋರ್ಕ್ ಫ್ರೈ ಎಂದು ಮೆನುವಿನಲ್ಲಿರುವುದು ಬೇರೆಯೇ ಅಡುಗೆ. ಅವುಗಳಲ್ಲಿ ಈ ರುಚಿ ಹುಡುಕಬೇಡಿ.

ಕಡಂಬುಟ್ಟು ಮೃದು ಎಂದು ಎಲ್ಲರೂ ಹೇಳುತ್ತಾರೆ. ನಮಗೆ ಸಿಕ್ಕಿದ್ದು ಮಧ್ಯಾಹ್ನ ಮೂರು ಗಂಟೆಗೆ, ಚಮಚ ಇಳಿಯದಷ್ಟು ಗಟ್ಟಿಯಾಗಿತ್ತು. ಹೋಟೆಲಿನವರು ಅದು ಇರುವುದೇ ಹಾಗೆ ಎಂದರು. – ತುಮಕೂರಿನ ಓದುಗರು

ಇರುವುದು ಹಾಗಲ್ಲ. ಕಡಂಬುಟ್ಟು ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ, ನಿಮಗೆ ಸಿಕ್ಕಿದ್ದು ಆರಿದ್ದು. ಬೆಂದ ಅಕ್ಕಿಯ ಪಿಷ್ಟ ತಣ್ಣಗಾದಂತೆ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಬೇಯಿಸಿ ತೆರೆದಿಟ್ಟ ಉಂಡೆ ಮೂರು ಗಂಟೆಗೆ ಹೊರಗೆ ಸಿಪ್ಪೆಗಟ್ಟಿ ಒಳಗೆ ಗಟ್ಟಿಯಾಗದೆ ಇರದು. ಮತ್ತೆ ಹತ್ತು ನಿಮಿಷ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ. ಅಷ್ಟು ಮಾಡಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಅದು ಅವರಿಗೆ ದೊಡ್ಡ ಕೆಲಸವೂ ಅಲ್ಲ.

ಮಾಡುವಾಗಲೇ ತಪ್ಪಿದ್ದರೆ ಮಾತ್ರ ಹಬೆಯಿಂದ ಸರಿಹೋಗದು. ಒಂದು ಅಳತೆ ಅಕ್ಕಿ ತರಿಗೆ ಎರಡು ಅಳತೆ ನೀರು. ಉಪ್ಪು ಹಾಕಿ ಕುದಿಯುವ ನೀರಿಗೆ ತರಿ ಸುರಿದು, ಗಂಟಾಗದಂತೆ ತಿರುವಿ, ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಹಬೆಯಲ್ಲಿಡಬೇಕು. ನೀರು ಕಡಿಮೆಯಾದರೆ ನಡುವೆ ಬಿಳಿ ಹಿಟ್ಟಿನ ಚುಕ್ಕೆ ಕಾಣುತ್ತದೆ. ತರಿ ತೀರಾ ನುಣ್ಣಗಿದ್ದರೆ ಉಂಡೆ ಅಂಟಂಟಾಗಿ ಹಲ್ಲಿಗೆ ಹಿಡಿಯುತ್ತದೆ. ಉಂಡೆಯನ್ನು ಎರಡು ಭಾಗ ಮಾಡಿದಾಗ ಒಳಗೆಲ್ಲ ಒಂದೇ ಬಣ್ಣವಿದ್ದು, ತರಿ ಕಣ್ಣಿಗೆ ಕಂಡರೂ ಉದುರದಿದ್ದರೆ ಅದು ಸರಿಯಾಗಿ ಬೆಂದದ್ದು.

ಉಳಿದವುಗಳಿಗೂ ಹೊತ್ತು ಇದೆ. ನೂಪುಟ್ಟು, ಅಂದರೆ ಒತ್ತು ಶಾವಿಗೆ, ಬೆಳಗಿನ ತಿಂಡಿ. ಒತ್ತಿದ ಎಳೆ ಗಾಳಿಗೆ ಬೇಗ ಒಣಗುವುದರಿಂದ ಹತ್ತು ಗಂಟೆಯ ಮೇಲೆ ಕೇಳದಿರುವುದು ಒಳ್ಳೆಯದು. ಪಾಪುಟ್ಟು ತರಿಗೆ ಹಾಲು, ತೆಂಗಿನ ತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸುವಂಥದ್ದು. ಹಾಲು ತೆಂಗು ಎರಡೂ ಇರುವುದರಿಂದ ಮಳೆಗಾಲದ ತಂಪಿನಲ್ಲೂ ಸಂಜೆಯವರೆಗೆ ಹೊರಗಿಟ್ಟದ್ದನ್ನು ತಿನ್ನಬೇಡಿ. ಮೂಸಿ ನೋಡಿದರೆ ತೆಂಗು ಹಳಸಿದ್ದು ತಿಳಿಯುತ್ತದೆ. ಅನ್ನ ಮತ್ತು ಅಕ್ಕಿ ಹಿಟ್ಟು ನಾದಿ ಮಾಡುವ ಅಕ್ಕಿ ಒಟ್ಟಿಯ (ರೊಟ್ಟಿಯ) ಆಯುಸ್ಸು ಎಲ್ಲಕ್ಕಿಂತ ಕಡಿಮೆ. ಕಾವಲಿಯಿಂದ ಇಳಿದ ಹತ್ತು ನಿಮಿಷದಲ್ಲಿ ಚರ್ಮದಂತಾಗುತ್ತದೆ. ಒಂದೇ ಸಲ ಆರು ಹೇಳದೆ ಎರಡೆರಡಾಗಿ ತರಿಸಿಕೊಳ್ಳಿ.

ಪುಟ್ಟು ಕೇಳಿದರೆ ಕೊಳವೆ ಆಕಾರದ್ದು ಬಂತು. ಮೋಸವೇ? – ಚಿತ್ರದುರ್ಗದ ಓದುಗರು

ಅಲ್ಲ. ಅದು ಮಲಯಾಳಿ ಪುಟ್ಟು. ಒದ್ದೆ ಅಕ್ಕಿ ಹಿಟ್ಟು, ತೆಂಗಿನ ತುರಿ ಪದರ ಪದರವಾಗಿ ಕೊಳವೆಗೆ ತುಂಬಿ ಹಬೆಯಲ್ಲಿ ಬೇಯಿಸಿದ್ದು, ಜೊತೆಗೆ ಕಡಲೆ ಕರಿ. ಕೇರಳದ ಗಡಿ ಪಕ್ಕದಲ್ಲೇ ಇರುವುದರಿಂದ ವಿರಾಜಪೇಟೆ, ಸಿದ್ದಾಪುರ, ಗೋಣಿಕೊಪ್ಪದ ಬಹಳ ಹೋಟೆಲುಗಳಲ್ಲಿ 'ಪುಟ್ಟು' ಎಂದರೆ ಅದೇ. ಕೊಡವರ ಅಡುಗೆಯಲ್ಲಿ ಪುಟ್ಟು ಎಂಬುದು ಒಂದು ಗುಂಪಿನ ಹೆಸರು. ಹಾಗಾಗಿ ಪೂರ್ತಿ ಹೆಸರು ಹೇಳಿ: ಕಡಂಬುಟ್ಟು, ನೂಪುಟ್ಟು, ಪಾಪುಟ್ಟು. ಕಡಲೆ ಕರಿಯ ಜೊತೆ ಬಿಸಿ ಕೊಳವೆ ಪುಟ್ಟು ಕೂಡ ಒಳ್ಳೆಯ ತಿಂಡಿಯೇ, ಬಿಡಬೇಡಿ.

ನಾವು ಸಸ್ಯಾಹಾರಿಗಳು. ಕೊಡಗಿನ ಊಟ ಎಂದರೆ ಮಾಂಸವೇ ಎನ್ನುತ್ತಾರೆ. ನಾಲ್ಕು ದಿನವೂ ಇಡ್ಲಿ ದೋಸೆಯಲ್ಲೇ ಕಳೆಯಬೇಕೆ? – ಶಿವಮೊಗ್ಗದ ಓದುಗರು

ಬೇಕಿಲ್ಲ. ಮಳೆಗಾಲದಲ್ಲಿ ಬಂದರೆ ಸಸ್ಯಾಹಾರಿಗಳಿಗೇ ಹೆಚ್ಚು ಸುಗ್ಗಿ. ಬೈಂಬಳೆ ಕರಿ ಎಂದರೆ ಕಣಿಲೆಯ (ಎಳೆ ಬಿದಿರಿನ ಮೊಳಕೆಯ) ಪಲ್ಯ. ಕುಮ್ಮು ಕರಿ ಎಂದರೆ ಅಣಬೆಯದು. ಕೆಸುವಿನ ಎಲೆಯ ಕರಿ ಇದೆ, ಬೇಸಿಗೆಗೆ ಕಾಡು ಮಾವಿನ ಕರಿ ಇದೆ. ನಾಲ್ಕೂ ಅಕ್ಕಿ ಒಟ್ಟಿಗೆ, ಕಡಂಬುಟ್ಟಿಗೆ ಹೊಂದುತ್ತವೆ.

ಆದರೆ ಹೆಸರು ನೋಡಿ ನಂಬಬೇಡಿ. ಕೆಲವು ಅಡುಗೆಮನೆಗಳಲ್ಲಿ ಕಣಿಲೆಯ ಜೊತೆ ಒಣಮೀನು ಬೀಳುತ್ತದೆ. 'ತರಕಾರಿಯಾ?' ಎಂದು ಕೇಳಿದರೆ ಹೌದು ಎನ್ನುತ್ತಾರೆ, ಏಕೆಂದರೆ ಕಣಿಲೆ ತರಕಾರಿಯೇ. 'ಮೀನು, ಸಿಗಡಿ ಪುಡಿ, ಹಂದಿ ಕೊಬ್ಬು ಏನೂ ಹಾಕಿಲ್ಲವಲ್ಲ?' ಎಂದು ಬಿಡಿಸಿ ಕೇಳಿ. ಕರಿಯುವ ಎಣ್ಣೆ ಒಂದೇ ಬಾಣಲೆಯದಾ ಎಂದೂ ಕೇಳಬೇಕು. ಈರುಳ್ಳಿ ಬಜ್ಜಿ ಮತ್ತು ಮೀನು ಒಂದೇ ಎಣ್ಣೆಯಲ್ಲಿ ಬೇಯುವುದು ಮಿಶ್ರ ಹೋಟೆಲುಗಳಲ್ಲಿ ಸಾಮಾನ್ಯ. ಇದು ನಿಮಗೆ ಮುಖ್ಯವಾದರೆ ಉಡುಪಿ ಶೈಲಿಯ ಸಸ್ಯಾಹಾರಿ ಹೋಟೆಲೇ ಸುರಕ್ಷಿತ, ಅಲ್ಲಿ ಮಾತ್ರ ಬೈಂಬಳೆ ಸಿಗುವ ಸಂಭವ ಕಡಿಮೆ. ನಡುದಾರಿ ಹೋಂಸ್ಟೇ. ಮೂರು ದಿನ ಮೊದಲೇ ಹೇಳಿದರೆ ಮನೆಯ ಪಾತ್ರೆಯಲ್ಲಿ ಬೇರೆಯಾಗಿ ಮಾಡಿಕೊಡುತ್ತಾರೆ.

ಅಷ್ಟು ಮೊದಲೇ ಹೇಳಬೇಕು ಎನ್ನುವುದಕ್ಕೆ ಕಾರಣವಿದೆ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲೆ ಬೇಯಿಸಿದ ನೀರನ್ನು ಚೆಲ್ಲಿಯೇ ಕರಿ ಮಾಡಬೇಕು. ಬಾಯಿಗಿಟ್ಟ ಕೂಡಲೇ ಕಹಿ ಹತ್ತಿದರೆ ನೆನೆಸಿದ್ದು ಸಾಲದು ಎಂದೇ ಅರ್ಥ, ಆ ಬಟ್ಟಲನ್ನು ಬದಿಗಿಡಿ. ಅಣಬೆಯ ಬಗ್ಗೆಯೂ ಒಂದು ಮಾತು: ಕಾಡಿನ ಅಣಬೆ ಮಳೆ ಹಿಡಿದ ತಿಂಗಳುಗಳಲ್ಲಿ ಮಾತ್ರ. ಜನವರಿಯಲ್ಲಿ ಕುಮ್ಮು ಕರಿ ಎಂದು ಬಂದರೆ ಅದು ಡಬ್ಬಿಯ ಬಟನ್ ಅಣಬೆಯೋ ಬೆಳೆಸಿದ ಚಿಪ್ಪಣಬೆಯೋ ಆಗಿರುತ್ತದೆ. ಮಸಾಲೆ ಅದೇ, ರುಚಿ ಮಾತ್ರ ಹತ್ತಿರಕ್ಕೂ ಬಾರದು.

ಕಾಡುಹಂದಿಯ ಕರಿ ಯಾವ ಹೋಟೆಲಿನಲ್ಲಿ ಸಿಗುತ್ತದೆ? – ಬೆಂಗಳೂರಿನ ಓದುಗರು

ಎಲ್ಲೂ ಸಿಗಬಾರದು. ಹೋಟೆಲಿನ ಪಂದಿ ಕರಿ ಸಾಕಿದ ಹಂದಿಯದು. ಕಾಡುಹಂದಿಯ ಮಾಂಸ ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. 'ನಿಮಗಾಗಿ ತರಿಸಿಕೊಡುತ್ತೇವೆ' ಎನ್ನುವವರ ಮಾತಿಗೆ ಹೋಗಬೇಡಿ.

ಕಾಫಿ ಬೆಳೆಯುವ ಊರಿನ ಹೋಟೆಲಲ್ಲಿ ಕಾಫಿ ಇಷ್ಟು ಚಿಕೋರಿ ಚಿಕೋರಿ ಏಕೆ? – ಹುಬ್ಬಳ್ಳಿಯ ಓದುಗರು

ಈ ದೂರು ಪ್ರತಿ ವರ್ಷ ಬರುತ್ತದೆ, ದೂರಿನಲ್ಲಿ ನ್ಯಾಯವೂ ಇದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಆದರೆ ಅದು ಇಲ್ಲಿಂದ ಹೋಗುವುದು ಹುರಿಯದ ಬೀಜವಾಗಿ, ಹೆಚ್ಚಿನ ಪಾಲು ವಿದೇಶಕ್ಕೆ. ಹೋಟೆಲಿನವರು ಕೊಳ್ಳುವುದು ಬೇರೆಡೆ ಹುರಿದು ಬೆರೆಸಿದ ಪುಡಿ. ಚಿಕೋರಿ ಅಗ್ಗ, ಡಿಕಾಕ್ಷನ್ನಿಗೆ ಗಾಢ ಬಣ್ಣ ಮತ್ತು ಮಂದ ಕೊಡುತ್ತದೆ, ಹಾಲು ಎಷ್ಟು ಸುರಿದರೂ ಕಾಫಿ ಬೆಳ್ಳಗೆ ಕಾಣುವುದಿಲ್ಲ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51ರಷ್ಟು ಕಾಫಿ ಇರಬೇಕು. ಅಂದರೆ ಉಳಿದ 49 ಪಾಲು ಚಿಕೋರಿಯೇ ಆಗಿದ್ದರೂ ತಪ್ಪಲ್ಲ.

ಹೊತ್ತು ನೋಡಿ ಕುಡಿಯುವುದು ಇಲ್ಲೂ ಉಪಯೋಗಕ್ಕೆ ಬರುತ್ತದೆ. ಬೆಳಗಿನ ಮೊದಲ ಡಿಕಾಕ್ಷನ್ ಇರುವಾಗ, ಮತ್ತೆ ಸಂಜೆ ನಾಲ್ಕರ ನೂಕುನುಗ್ಗಲಲ್ಲಿ ಕಾಫಿ ಚೆನ್ನಾಗಿರುತ್ತದೆ. ಹನ್ನೊಂದೂವರೆಗೆ ಸಿಗುವುದು ಎರಡನೇ ಸಲ ಇಳಿಸಿ, ಬಿಸಿನೀರಿನ ಮೇಲಿಟ್ಟು ಕಾಯಿಸುತ್ತಿರುವ ಡಿಕಾಕ್ಷನ್. ಇಲ್ಲಿನ ಮನೆಗಳಲ್ಲಿ ಕುಡಿಯುವ ಬೆಲ್ಲ ಕಾಪಿ ಕೆಲವು ಹೋಟೆಲುಗಳಲ್ಲೂ ಸಿಗುತ್ತದೆ: ಬೆಲ್ಲದ ನೀರು ಕುದಿಸಿ ಪುಡಿ ಹಾಕಿ ಸೋಸಿದ್ದು, ಹಾಲಿಲ್ಲ. ಅದಕ್ಕೆ ಹಾಲು ಹಾಕಿಕೊಡಿ ಎಂದು ಒತ್ತಾಯಿಸಬೇಡಿ. ಬೆಲ್ಲದ ಹುಳಿಗೆ ಕುದಿಯುವ ಕಾಪಿಯಲ್ಲಿ ಹಾಲು ಒಡೆಯುತ್ತದೆ. ಮನೆಗೆ ಒಯ್ಯುವುದಾದರೆ ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡವೆಂದು ಹೇಳಿ ಕಣ್ಣೆದುರೇ ಪುಡಿ ಮಾಡಿಸಿಕೊಳ್ಳಿ.

ಬಿಲ್ಲಿನಲ್ಲಿ ಜಿಎಸ್‌ಟಿ, ಅದರ ಕೆಳಗೆ ಶೇ 10 ಸರ್ವಿಸ್ ಚಾರ್ಜ್ ಇತ್ತು. ಎರಡನ್ನೂ ಕೊಡಬೇಕೆ? – ಬೆಂಗಳೂರಿನ ಇನ್ನೊಬ್ಬ ಓದುಗರು

ಸರ್ವಿಸ್ ಚಾರ್ಜ್ ಕೊಡಬೇಕಾಗಿಲ್ಲ. ಅದು ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯಂತೆ ಹೋಟೆಲು ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿಟ್ಟೂ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಲ್ಲಾದಲ್ಲೇ ಸಮಾಧಾನದಿಂದ 'ಇದನ್ನು ತೆಗೆದು ಬಿಲ್ ಮಾಡಿ' ಎಂದು ಹೇಳಿ. ಒಪ್ಪದಿದ್ದರೆ ಬಿಲ್ಲು ಇಟ್ಟುಕೊಂಡು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಜಿಎಸ್‌ಟಿ ಬೇರೆ ಮಾತು. ಪೇಟೆಯ ಹೋಟೆಲಿನಲ್ಲಿ ಅದು ಶೇ 5. ಬಿಲ್ಲಿನಲ್ಲಿ ಎರಡೂವರೆ ಎರಡೂವರೆಯಾಗಿ ಎರಡು ಸಾಲಿನಲ್ಲಿ ಬರುತ್ತದೆ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುವ ದೊಡ್ಡ ರೆಸಾರ್ಟುಗಳ ಒಳಗಿನ ರೆಸ್ಟೋರೆಂಟಿನಲ್ಲಿ ಶೇ 18 ಆಗಬಹುದು. ಇನ್ನು ಸಣ್ಣ ಹೋಟೆಲುಗಳಲ್ಲಿ ಕೆಲವು ಕಾಂಪೊಸಿಷನ್ ಪದ್ಧತಿಯಲ್ಲಿರುತ್ತವೆ. ವರ್ಷದ ವಹಿವಾಟು ಒಂದೂವರೆ ಕೋಟಿಯೊಳಗಿದ್ದವರಿಗೆ ಇರುವ ಅನುಕೂಲ ಅದು. ಅವರು ತೆರಿಗೆಯನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ನಿಮ್ಮಿಂದ ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಹಾಗೆಂದು ಅಂಗಡಿಯಲ್ಲಿ ಬೋರ್ಡು ಹಾಕಿರಬೇಕು. ಆ ಬೋರ್ಡು ಕಂಡೂ ಬಿಲ್ಲಿನಲ್ಲಿ ಜಿಎಸ್‌ಟಿ ಸಾಲು ಇದ್ದರೆ ಕೇಳುವ ಹಕ್ಕು ನಿಮ್ಮದು. ಬಿಲ್ಲಿನಲ್ಲಿ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೇ ಎಂದೂ ನೋಡಿ. ಊಟದಿಂದ ತೊಂದರೆಯಾಗಿ ದೂರು ಕೊಡಬೇಕಾದರೆ ಅದೇ ಆಧಾರ.

ಸಂಜೆ ಮಕ್ಕಳು ಕಬಾಬ್, ಗೋಬಿ ಮಂಚೂರಿ ಎಂದು ಹಟ ಹಿಡಿಯುತ್ತಾರೆ. ಏನು ನೋಡಿ ಕೊಡಿಸಬೇಕು? – ವಿರಾಜಪೇಟೆಯ ಓದುಗರು

ಬಣ್ಣ, ಎಣ್ಣೆ ಎರಡನ್ನೇ ನೋಡಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ವಿಸ್ತರಿಸಿತು. ಬ್ಯಾಡಗಿ ಮೆಣಸಿನ ಪುಡಿಯಿಂದ ಬರುವುದು ಇಟ್ಟಿಗೆ ಬಣ್ಣ; ಬೆರಳಿಗೆ ಹತ್ತಿದರೆ ತೊಳೆದಾಗ ಹೋಗುತ್ತದೆ. ಬೆರಳು, ಕಾಗದದ ತಟ್ಟೆ ಎಲ್ಲ ಉಜ್ವಲ ಕೆಂಪಾಗಿ ಹಾಗೇ ಉಳಿದರೆ ಅಲ್ಲಿ ಮತ್ತೆ ಕೊಳ್ಳಬೇಡಿ. ಎಣ್ಣೆ ಕಪ್ಪಾಗಿ, ಉರಿ ಸಣ್ಣದಿದ್ದರೂ ಹೊಗೆಯಾಡುತ್ತ, ತುಂಡು ಹಾಕಿದಾಗ ಏಳುವ ನೊರೆ ಇಳಿಯದೆ ನಿಂತರೆ ಅದು ಹಲವು ಸಲ ಕಾದ ಎಣ್ಣೆ. ಅರ್ಧ ಕರಿದಿಟ್ಟು ಕೇಳಿದಾಗ ಮತ್ತೊಮ್ಮೆ ಕರಿದು ಕೊಡುವ ಕೋಳಿ ತುಂಡನ್ನು ಮೂಳೆಯ ಹತ್ತಿರ ಮುರಿದು ನೋಡಿ. ಒಳಗೆ ಕೆಂಪು ರಸವಿದ್ದರೆ ಹಿಂದಕ್ಕೆ ಕೊಡಿ.

ಪಂದಿ ಕರಿಯನ್ನು ಮಡಿಕೇರಿಯಿಂದ ಬೆಂಗಳೂರಿಗೆ ಪಾರ್ಸೆಲ್ ಒಯ್ದರೆ ಕೆಡುತ್ತದೆಯೇ? – ಓದುಗರಿಬ್ಬರು

ದಾರಿ ಐದಾರು ಗಂಟೆಯದು. ಬಿಸಿ ಕರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನ ಹಿಂದೆ ಇಟ್ಟರೆ ಕೆಡುವ ಸಂಭವವಿದೆ. ಕೊಬ್ಬು ಮೇಲೆ ಹೆಪ್ಪುಗಟ್ಟಿ ಮುಚ್ಚಿದಂತೆ ಕಂಡರೂ ಒಳಗೆ ಬೆಚ್ಚಗೇ ಇರುತ್ತದೆ, ಕೆಡಿಸುವ ಜೀವಿಗಳಿಗೆ ಬೇಕಾದ್ದೂ ಅದೇ. ಹಿಂದಿನ ದಿನವೇ ಹೋಟೆಲಿಗೆ ಹೇಳಿ, ರಾತ್ರಿ ಫ್ರಿಜ್ಜಿನಲ್ಲಿ ಪೂರ್ತಿ ತಣಿಸಿದ ಕರಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿಕೊಂಡು ಐಸ್ ಇರುವ ಪೆಟ್ಟಿಗೆಯಲ್ಲಿ ಒಯ್ಯಿರಿ. ಮನೆಗೆ ಹೋಗಿ ತಳದಿಂದ ಗುಳ್ಳೆ ಬರುವವರೆಗೆ ಕುದಿಸಿ. ಅಲ್ಯೂಮಿನಿಯಂ ಡಬ್ಬಿ ಬೇಡ, ಕಾಚಂಪುಳಿ ಅದನ್ನು ಕೊರೆಯುತ್ತದೆ. ಕಡಂಬುಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದು ಹಬೆಯಲ್ಲಿಡಿ. ಇಷ್ಟು ಏರ್ಪಾಡು ಆಗದವರು ಕಾಚಂಪುಳಿಯ ಸೀಸೆ ಒಯ್ದು ಮನೆಯಲ್ಲೇ ಮಾಡುವುದು ಮೇಲು. ಸೀಸೆ ಕೊಳ್ಳುವಾಗ ಓರೆ ಮಾಡಿ ನೋಡಿ: ನಿಜವಾದದ್ದು ಕಾಕಂಬಿಯ ಹಾಗೆ ಗಾಜಿಗೆ ಅಂಟಿ ನಿಧಾನವಾಗಿ ಇಳಿಯುತ್ತದೆ, ನೀರಿನಂತೆ ಓಡುವುದಿಲ್ಲ.

ಆಗಸ್ಟ್ ಮೊದಲ ವಾರ ಕೊಡಗಿಗೆ ಬರುತ್ತೇವೆ. ಆ ಹೊತ್ತಿನ ವಿಶೇಷ ತಿಂಡಿ ಯಾವುದು? – ದಾವಣಗೆರೆಯ ಓದುಗರು

ಮದ್ದು ಸೊಪ್ಪಿನದು. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಆ ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಪುಟ್ಟು, ಪಾಯಸ ಮಾಡುತ್ತಾರೆ. ಮೇಲೆ ತುಪ್ಪ, ಜೇನು. ಹೋಟೆಲುಗಳಲ್ಲಿ ಎರಡು ಮೂರು ದಿನಕ್ಕಿಂತ ಹೆಚ್ಚು ಇರುವುದಿಲ್ಲ, ಫೋನ್ ಮಾಡಿ ಕೇಳಿಯೇ ಹೋಗಿ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಹೆದರಬೇಡಿ; ಮಕ್ಕಳಿಗೆ ಮೊದಲೇ ಹೇಳಿಡಿ. ಅದೇ ರೀತಿ ಸೆಪ್ಟೆಂಬರ್ 3ರ ಸುಮಾರಿನ ಕೈಲ್‌ಪೊಳ್ದ್, ನವೆಂಬರ್–ಡಿಸೆಂಬರಿನ ಪುತ್ತರಿ ದಿನಗಳಲ್ಲಿ ಅಡುಗೆಯವರೂ ಹಬ್ಬಕ್ಕೆ ಮನೆಗೆ ಹೋಗುವುದರಿಂದ ಬಾಗಿಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ಕುಶಾಲನಗರದಲ್ಲಿ ತಂಗುತ್ತೇವೆ. ಬೈಲಕುಪ್ಪೆಯಲ್ಲಿ ಏನು ತಿನ್ನಬೇಕು? – ಹಾಸನದ ಓದುಗರು

ಬೈಲಕುಪ್ಪೆ ಕಾವೇರಿಯ ಆಚೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಟಿಬೆಟಿಯನ್ನರು 1961ರಿಂದ ನೆಲೆಸಿದ ಜಾಗ. ಅಲ್ಲಿ ತುಕ್ಪಾ ಕೇಳಿ: ಮೂಳೆಯ ಸಾರಿನಲ್ಲಿ ನೂಡಲ್ಸ್, ಮಳೆಯ ದಿನಕ್ಕೆ ಒಂದು ಬಟ್ಟಲು ಹೊಟ್ಟೆ ತುಂಬಾ. ಮೊಮೊ ಹಬೆಯದನ್ನೇ ತರಿಸಿ. ಹಬೆಯದು ಆಗಷ್ಟೇ ಬೆಂದು ಬರುತ್ತದೆ, ಕರಿದದ್ದು ಉಳಿದವುಗಳದ್ದೂ ಆಗಿರಬಹುದು. ಒಳಗಿನ ಮಾಂಸ ಯಾವುದೆಂದು ಕೇಳಿಕೊಳ್ಳಿ. ಫೆಬ್ರುವರಿ–ಮಾರ್ಚ್‌ನ ಲೋಸರ್ ಹಬ್ಬದ ಮೊದಲ ದಿನಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ.

ಇಪ್ಪತ್ತು ಜನರ ಗುಂಪು, ಭಾನುವಾರ ಮಧ್ಯಾಹ್ನ ಗೋಣಿಕೊಪ್ಪದಲ್ಲಿ ಊಟ. ಎಷ್ಟು ಹೇಳಿಡಬೇಕು? – ಮಂಡ್ಯದ ಓದುಗರು

ತಲೆಗೆ ಕಾಲು ಕಿಲೋ ಹಸಿ ಮಾಂಸದ ಲೆಕ್ಕದಲ್ಲಿ ಐದು ಕಿಲೋ ಪಂದಿ ಕರಿ. ತಲೆಗೆ ಮೂರರಂತೆ ಅರವತ್ತು ಕಡಂಬುಟ್ಟು. ಒಂದು ಕಿಲೋ ತರಿಯಲ್ಲಿ 50 ಗ್ರಾಂ ತೂಕದವು ಅಷ್ಟಾಗುತ್ತವೆ. ಹಂದಿ ತಿನ್ನದವರು ನಾಲ್ಕೈದು ಜನ ಇದ್ದೇ ಇರುತ್ತಾರೆ, ಅವರನ್ನು ಎಣಿಸಿ ಕೋಳಿ ಕರಿಗೆ ತಿರುಗಿಸಿ, ಮಾಂಸವನ್ನು ಅಷ್ಟು ಕಡಿಮೆ ಮಾಡಿ. ಅನ್ನ, ಸಾರು ಇಬ್ಬರ ಪಾಲು ಕಡಿಮೆ ಹೇಳಿದರೂ ಸಾಲುತ್ತದೆ. ಶುಕ್ರವಾರವೇ ಫೋನ್ ಮಾಡಿ, ಅರ್ಧ ಮುಂಗಡ ಕೊಟ್ಟು ಚೀಟಿ ಬರೆಸಿಕೊಳ್ಳಿ. ಗುಂಪು ಸಮಯಕ್ಕೆ ಸರಿಯಾಗಿ ತಲುಪುವುದು ಅಪರೂಪ, ಆದ್ದರಿಂದ ಕಡಂಬುಟ್ಟನ್ನು ಒಟ್ಟಿಗೆ ಬೇಯಿಸದೆ ಉಂಡೆ ಕಟ್ಟಿಟ್ಟುಕೊಂಡಿರಿ, ಮೂವತ್ತು ನೀವು ಬಂದು ಕೂತ ಮೇಲೆ, ಉಳಿದ ಮೂವತ್ತು ಮೊದಲ ತಟ್ಟೆ ಹೋದ ಕೂಡಲೇ ಹಬೆಗಿಡಿ ಎಂದು ಆ ಚೀಟಿಯಲ್ಲೇ ಬರೆಸಿ.